ನಮ್ಮ ಮಾವನವರ ಬೇಲಿಗಾಲ

ಲೋಕದ ಜನಕ್ಕೆಲ್ಲ ವರ್ಷಕ್ಕೆ ಮೂರು ಕಾಲ: ಬೇಸಿಗೆ, ಮಳೆಗಾಲ, ಚಳಿಗಾಲ. ನಮ್ಮ ಮಾವನವರಿಗೆ ಮಾತ್ರ ನಾಲ್ಕು. ನಾಲ್ಕನೆಯದರ ಹೆಸರು ಬೇಲಿಗಾಲ. ಮನೆಗೆ ಬೇಲಿ ಹಾಕಿಸುವುದಕ್ಕೆಂದೇ ದೇವರು ಮಾಡಿಟ್ಟಿರುವ ಕಾಲ ಅದು. ಆಗ ನೆಲ ಗಟ್ಟಿಯೂ ಇರುವುದಿಲ್ಲ, ಸಡಿಲವೂ ಇರುವುದಿಲ್ಲ. ಬಿಸಿಲೂ ಹದ, ಗಾಳಿಯೂ ಹದ. ಕೂಲಿಯವರು ಬೇರೆ ಕೆಲಸವಿಲ್ಲದೆ ಕೂತಿರುತ್ತಾರೆ, ಪಂಚಾಂಗ ಬಾಯಿ ಮುಚ್ಚಿಕೊಂಡಿರುತ್ತದೆ. ತೊಂದರೆ ಒಂದೇ. ಆ ಕಾಲ ಒಂಬತ್ತು ವರ್ಷವಾದರೂ ಬರಲೇ ಇಲ್ಲ!

ಒಂಬತ್ತು ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ನನ್ನ ಮದುವೆಗೂ ಆ ಬೇಲಿಯ ಮಾತಿಗೂ ಒಂದೇ ವಯಸ್ಸು. ಮಗಳನ್ನು ನನಗೆ ಧಾರೆ ಎರೆದುಕೊಟ್ಟ ಮರುವಾರವೇ ಮಾವನವರು, "ಒಂದು ಕೆಲ್ಸ ಮುಗೀತು. ಇನ್ನ ಬೇಲಿ ಒಂದು ಆಕ್ಬುಟ್ರೆ ನಿಸೂರು" ಅಂದು ಮೂವತ್ತು ಕಲ್ಲುಕಂಬ ತರಿಸಿ ಮನೆಯ ಪಕ್ಕದಲ್ಲಿ ಇಳಿಸಿಕೊಂಡರು. ಜೊತೆಗೆ ನಾಲ್ಕು ಸುರುಳಿ ಮುಳ್ಳುತಂತಿ. ಆಮೇಲೆ ನನಗೆ ಮಗಳು ಹುಟ್ಟಿದಳು, ನಡೆದಳು, ಶಾಲೆಗೆ ಸೇರಿದಳು, ಎರಡನೇ ಕ್ಲಾಸಿಗೆ ಬಂದು ನನಗೇ ಮಗ್ಗಿ ಹೇಳಿಕೊಡತೊಡಗಿದಳು. ಕಂಬಗಳು ಮಲಗಿದ ಜಾಗದಲ್ಲೇ ಮಲಗಿದ್ದವು. ಅವುಗಳ ಸಂದಿನಲ್ಲಿ ಹಲ್ಲಿ, ಓತಿಕ್ಯಾತಗಳ ಮೂರ್ನಾಲ್ಕು ತಲೆಮಾರು ಆಗಿಹೋದವು.

ಮನೆ ಇರುವುದು ಬಂಗಾರಪೇಟೆಯ ಅಂಚಿನಲ್ಲಿ, ಬೇತಮಂಗಲದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ. ಸುತ್ತ ಜಾಗ ಬೇಕಾದಷ್ಟಿದೆ. ಆ ಜಾಗದಲ್ಲಿ ನಮ್ಮತ್ತೆ ಬದನೆ, ದಂಟಿನ ಸೊಪ್ಪು, ಹಸಿಮೆಣಸು, ಒಂದು ಚಪ್ಪರ ಅವರೆ ಬೆಳೆಯುತ್ತಿದ್ದರು. ಅಕ್ಕಪಕ್ಕದ ಮೇಕೆಗಳು ಅದನ್ನೆಲ್ಲ ತಿನ್ನುತ್ತಿದ್ದವು. ಹೀಗೆ ಆ ಮನೆಯಲ್ಲಿ ಎಲ್ಲರಿಗೂ ಕೈತುಂಬ ಕೆಲಸವಿತ್ತು. ನಾನು ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ವಾರಕ್ಕೆ ಒಂದೇ ಭಾನುವಾರ. ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಫೋನು ಬಡಿದುಕೊಳ್ಳುತ್ತಿತ್ತು.

"ಅಳಿಯಂದ್ರೇ, ಒಸಿ ಬಂದೋಗ್ತೀರಾ? ನೆಲ ನೋಡ್ಬೇಕು."

ಅಳಿಯ ಎಂದರೆ ಮಾವನ ಮನೆಯಲ್ಲಿ ರಾಜ ಎಂದು ಯಾರು ಹೇಳಿದರೋ! ರಾಜರು ಗಡಾರಿ ಹಿಡಿದದ್ದನ್ನು ನಾನು ಯಾವ ಸಮಾಜ ಪಾಠದಲ್ಲೂ ಓದಿಲ್ಲ, ಓದಿಸಿಯೂ ಇಲ್ಲ.

ಮಾವನವರಿಗೆ ಈ ಕಾಲದ ಹುಚ್ಚು ಯಾಕೆ ಹಿಡಿಯಿತು ಎನ್ನುವುದನ್ನು ಹೇಳಿಬಿಡಬೇಕು. ಅವರು ಇಪ್ಪತ್ತಾರು ವರ್ಷ ಚಿನ್ನದ ಗಣಿಯಲ್ಲಿ, ನೆಲದೊಳಗೆ ಕೆಲಸ ಮಾಡಿದವರು. ಗಣಿ ಮುಚ್ಚಿದ ಮೇಲೆ ಉರಿಗಾಮಿನಲ್ಲಿ ಗಣಿಯವರು ಕೊಟ್ಟಿದ್ದ ಲೈನುಮನೆ ಬಿಟ್ಟು ಇಲ್ಲಿ ಬಂದು ಮನೆ ಕಟ್ಟಿಕೊಂಡರು. ಕೆಳಗೆ ಜನವರಿಯಲ್ಲೂ ಸೆಕೆ, ಜುಲೈನಲ್ಲೂ ಸೆಕೆಯಂತೆ. "ನಮ್ಗೆ ಅಲ್ಲಿ ಇದ್ದಿದ್ದು ಎರ್ಡೇ ಕಾಲ ಅಳಿಯಂದ್ರೆ," ಅನ್ನುತ್ತಿದ್ದರು. "ಶಿಫ್ಟು ಶುರುವಾಗೋ ಕಾಲ, ಶಿಫ್ಟು ಮುಗಿಯೋ ಕಾಲ." ಹಾಗಿದ್ದವರು ಮೇಲೆ ಬಂದು ನೋಡಿದರೆ ಇಲ್ಲಿ ಒಂದಾದ ಮೇಲೊಂದು ಮಳೆ, ಬಿಸಿಲು, ಇಬ್ಬನಿ! ಐವತ್ತು ದಾಟಿದ ಮೇಲೆ ಸಿಹಿಯ ರುಚಿ ಕಂಡವನಂತೆ ಅವರು ಋತುಗಳ ಮೇಲೆ ಬಿದ್ದರು. ಒಂದು ನೋಟ್‌ಬುಕ್ಕು ಇಟ್ಟರು. ಇವತ್ತು ಇಬ್ಬನಿ ಎಷ್ಟು ಹೊತ್ತು ನಿಂತಿತು, ಗಾಳಿ ಕೋಲಾರದ ಕಡೆಯಿಂದ ಬಂತೋ ಆಂಧ್ರದ ಕಡೆಯಿಂದ ಬಂತೋ, ಇರುವೆಗಳು ಮೊಟ್ಟೆ ಹೊತ್ತುಕೊಂಡು ಯಾವ ಕಡೆ ಹೊರಟವು, ಎಲ್ಲ ಅದರಲ್ಲಿ ಬರೆದಿಡುವರು. ನನ್ನ ಹುಟ್ಟಿದ ದಿನ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹಿಂದಿನ ವರ್ಷ ಮೃಗಶಿರ ಮಳೆ ಎಷ್ಟು ಗಂಟೆಗೆ ಶುರುವಾಯಿತು ಕೇಳಿ, ಥಟ್ಟನೆ ಹೇಳುತ್ತಾರೆ.

ನನ್ನ ಮೊದಲ ಯುಗಾದಿಯಂದೇ ನನಗೆ ದೀಕ್ಷೆಯಾಯಿತು. ಹೊಸ ಪಂಚೆ ಉಟ್ಟು, ಒಬ್ಬಟ್ಟು ತಿಂದು, ಹೊಸ ಅಳಿಯನಿಗೆ ತಕ್ಕ ಸೋಮಾರಿತನದಲ್ಲಿ ಗೋಡೆಗೆ ಒರಗಿದ್ದೆ. ಮಾವನವರು ಗಡಾರಿ ಹಿಡಿದು ಬಂದು ಎದುರು ನಿಂತರು. ನೆಲ ನೋಡುವುದಕ್ಕೆ ಗಡಾರಿ ಯಾಕೆ ಎಂದು ಕೇಳುವಷ್ಟು ಅನುಭವ ಆಗ ನನಗೆಲ್ಲಿತ್ತು? ಹಿಂದೆ ಹೋದೆ. ಒಂದು ಜಾಗ ತೋರಿಸಿ "ಆಕಿ" ಅಂದರು. ಹಾಕಿದೆ. ಗಡಾರಿ ನೆಲಕ್ಕೆ ತಾಕಿ ನನ್ನ ಭುಜದವರೆಗೂ ನಡುಗಿತು.

"ನೆಲ ಏನಂತು?"

"ಠಣ್ ಅಂತು ಮಾವ."

"ಇನ್ನೊಂದ್ಸಲ ಕೇಳಿ."

ಮಧ್ಯಾಹ್ನದ ತನಕ ಕೇಳಿದೆ. ನೆಲ ತನ್ನ ಮಾತು ಬದಲಾಯಿಸಲಿಲ್ಲ. ಒಂದು ಗೇಣು ಆಳದ ಗುಂಡಿ, ಎರಡು ಅಂಗೈಗೆ ಸೇರಿ ಐದು ಬೊಬ್ಬೆ. ಮಾವನವರು ಗುಂಡಿಯೊಳಗೆ ಇಣುಕಿ, ಎದ್ದು, ಕೈ ಒದರಿಕೊಂಡು ತೀರ್ಪು ಕೊಟ್ಟರು: "ಬ್ಯಾಸ್ಗೇಲಿ ಬೇಲಿ ಆಕೋಕಾಗಲ್ಲ ಅಳಿಯಂದ್ರೆ."

"ಇದು ನಿಮಗೆ ಮೊದಲೇ ಗೊತ್ತಿತ್ತಾ ಮಾವ?"

"ನಂಗೊತ್ತಿತ್ತು. ನಿಮ್ಗೂ ಗೊತ್ತಾಗ್ಲಿ ಅಂತ!"

ಮಳೆ ಬಿದ್ದ ಮೇಲೆ ನೋಡೋಣ ಎಂದಾಯಿತು. ಮಳೆ ಬಿತ್ತು. ಈ ಸಲ ಸಹಾಯಕ್ಕೆ ಉರಿಗಾಮಿನಿಂದ ಒಬ್ಬ ಮೇಸ್ತ್ರಿ ಬಂದ. ಮಾವನವರ ಜೊತೆ ಗಣಿಯಲ್ಲಿದ್ದವನು, ಈಗ ಬೇಲಿ, ಗೇಟು, ಕೋಳಿಗೂಡು ಮಾಡಿಕೊಂಡಿರುವವನು. ತಮಿಳನ್ನು ಕನ್ನಡದಂತೆಯೂ ಕನ್ನಡವನ್ನು ತಮಿಳಿನಂತೆಯೂ ಮಾತಾಡುತ್ತಾನೆ. ನೆಲ ಬೆಣ್ಣೆಯಾಗಿತ್ತು. ಅರ್ಧ ಗಂಟೆಯಲ್ಲಿ ಎರಡು ಗುಂಡಿ ತೋಡಿದೆವು. ನನಗೆ ಹುರುಪೋ ಹುರುಪು! ಮಾವನವರು ಗುಂಡಿಯಿಂದ ಒಂದು ಹಿಡಿ ಮಣ್ಣು ತೆಗೆದು ಹಿಸುಕಿದರು. ಮೂಸಿದರು. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು.

ಹಿತ್ತಿಲ ಬಾಗಿಲಿನಿಂದ ನಮ್ಮತ್ತೆ ಕೂಗಿದರು: "ಉಪ್ಪು ಸರ್ಯಾಗೈತಾ? ಇಲ್ಲಾಂದ್ರೆ ಉಪ್ಪಿನ್ಕಾಯಿ ಕಳಿಸ್ಲಾ?"

ಮಾವನವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಮಣ್ಣು ಸಡಿಲ, ಕಂಬ ನಿಲ್ಲಲ್ಲ ಅಂದರು. ಮೇಸ್ತ್ರಿ ನಿಲ್ಲುತ್ತೆ ಅಂದ. ಪಂಥವಾಯಿತು. ಒಂದು ಕಂಬ ನೆಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಅದು ಅವರೆ ಚಪ್ಪರದ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋಗಿತ್ತು.

"ಮಳೆಗಾಲದ್ ಕಂಬಾನೂ ಕುಡುಕ್ನೂ ಒಂದೇ, ಎದ್ ನಿಲ್ಲಲ್ಲ," ಅಂದರು ಮಾವನವರು. ಅವರು ಹೇಳಿದ್ದು ಕಂಬಕ್ಕೆ. ಮೇಸ್ತ್ರಿ ಅದನ್ನು ತನಗೆ ಅಂದುಕೊಂಡ. "ಪೋದುಂ ಅಣ್ಣಾ, ಸಾಕು. ಬೇರೆ ಆಳು ನೋಡ್ಕೊ" ಎಂದು ಟವೆಲ್ಲು ಕೊಡವಿ ಬಸ್ಸು ಹತ್ತಿದ. ಅವನನ್ನು ಸಮಾಧಾನ ಮಾಡಿ ಕರೆತರುವ ಹೊತ್ತಿಗೆ ಆಷಾಢ ಬಂದಿತ್ತು, ಗುಂಡಿಗಳಲ್ಲಿ ನೀರು ತುಂಬಿ ಕಪ್ಪೆಗಳು ಸಂಸಾರ ಹೂಡಿದ್ದವು. ಕಪ್ಪೆಗಳಿಗೆ ಆಷಾಢದ ಭಯ ಇದ್ದ ಹಾಗೆ ಕಾಣಲಿಲ್ಲ.

ಇನ್ನುಳಿದದ್ದು ಚಳಿಗಾಲ. ಬುದ್ಧಿ ಇರುವವರೆಲ್ಲ ಚಳಿಗಾಲವೇ ಸರಿ ಎನ್ನುತ್ತಾರೆ. ಮೇಸ್ತ್ರಿಯೂ ಅದನ್ನೇ ಅಂದ: "ಅಣ್ಣಾ, ಇದು ನಲ್ಲ ಟೈಮು. ನೆಲ ಹದ, ಆಕಾಶ ಹದ. ಸಂಕ್ರಾಂತಿ ಒಳಗೆ ಮುಗಿಸಿಬಿಡೋಣ."

ಮಾವನವರು ಮುಗುಳ್ನಕ್ಕರು. ಆ ನಗೆಯನ್ನು ಕಂಡರೆ ನನಗೆ ಈಗಲೂ ಸೊಂಟ ಹಿಡಿದುಕೊಳ್ಳುತ್ತದೆ.

"ಕಂಬ ನಿಲ್ತೈತೆ. ತಂತಿ?"

ಆಮೇಲೆ ಒಂದು ಉಪನ್ಯಾಸವಾಯಿತು. ತಂತಿ ಚಳಿಗೆ ಕುಗ್ಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಚಳಿಯಲ್ಲಿ ಬಿಗಿದರೆ ಏಪ್ರಿಲ್‌ನಲ್ಲಿ ಜೋತು ಬೀಳುತ್ತದೆ. ಬಿಸಿಲಲ್ಲಿ ಬಿಗಿದರೆ ಡಿಸೆಂಬರ್‌ನಲ್ಲಿ ಕಂಬವನ್ನೇ ಎಳೆದುಕೊಂಡು ಬರುತ್ತದೆ. ಆದ್ದರಿಂದ ಚಳಿಯೂ ಅಲ್ಲದ ಬಿಸಿಲೂ ಅಲ್ಲದ ಒಂದು ದಿನವನ್ನು ಹುಡುಕಬೇಕು. ಹುಡುಕುವುದು ಹೇಗೆ? ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿ ಇತ್ತಲ್ಲ, ಅದರ ನಡುಮಧ್ಯಕ್ಕೆ ಒಂದು ದಾರ ಕಟ್ಟಿ, ದಾರದ ತುದಿಗೆ ಒಂದು ಕಲ್ಲು ಕಟ್ಟಿದರು. ತಂತಿ ಜೋತರೆ ಕಲ್ಲು ಕೆಳಗಿಳಿಯುತ್ತದೆ, ಬಿಗಿದರೆ ಮೇಲೇರುತ್ತದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಡಿಪಟ್ಟಿ ಹಿಡಿದು ಅಳೆದು ನೋಟ್‌ಬುಕ್ಕಿನಲ್ಲಿ ಬರೆದರು. ಒಂದು ವಾರವಲ್ಲ, ಒಂದು ವರ್ಷ!

ಆ ಒಂದು ವರ್ಷ ನಮ್ಮತ್ತೆ ಆ ತಂತಿಯ ಮೇಲೆ ಒಂದು ಕರವಸ್ತ್ರವನ್ನೂ ಹಾಕುವ ಹಾಗಿರಲಿಲ್ಲ. ಲೆಕ್ಕ ತಪ್ಪಿಹೋಗುತ್ತದಲ್ಲ! ಒದ್ದೆ ಸೀರೆಗಳು ಮನೆಯೊಳಗೆ ಕುರ್ಚಿಗಳ ಮೇಲೆ, ಬಾಗಿಲುಗಳ ಮೇಲೆ, ಒಮ್ಮೆ ನಾನು ಮಲಗಿದ್ದಾಗ ನನ್ನ ಮೇಲೂ ಒಣಗಿದವು.

"ಅಪ್ಪಂಗೆ ನೀವಾದ್ರೂ ಏಳಬಾರ್ದಾ?" ಅಂತ ನಮ್ಮ ಮನೆಯವಳು ನನ್ನನ್ನೇ ಬೈದಳು.

"ನಿಮ್ಮಪ್ಪ, ನೀನೇ ಹೇಳು."

"ನಾನ್ ಏಳಿದ್ರೆ ನಂಗೂ ಒಂದು ಅಡಿಪಟ್ಟಿ ಕೊಡ್ತಾರೆ."

ಲೆಕ್ಕವೆಲ್ಲ ಕೂಡಿ ಕಳೆದು ಕಡೆಗೆ ಒಂದು ದಿನ ಸಿಕ್ಕಿತು. ದೀಪಾವಳಿಯಾದ ಹನ್ನೆರಡನೆಯ ದಿನ. ರಾಗಿ ಕೊಯ್ಲು ಶುರುವಾಗುವ ಮುಂಚೆ, ಹಾಗಾಗಿ ಆಳುಗಳೂ ಸಿಗುತ್ತಾರೆ. ಕಾರ್ತಿಕ ಮಾಸ, ಪಂಚಾಂಗಕ್ಕೂ ತಕರಾರಿಲ್ಲ. ನಾನು ಶಾಲೆಗೆ ರಜೆ ಬರೆದುಕೊಟ್ಟೆ. ಮೇಸ್ತ್ರಿ ಇಬ್ಬರು ಆಳು ಕರೆದುಕೊಂಡು ಬೆಳಿಗ್ಗೆ ಆರಕ್ಕೇ ಬಂದ. ಅತ್ತೆ ಎಲ್ಲರಿಗೂ ಇಡ್ಲಿ ಬೇಯಿಸಿದರು. ಮಾವನವರು ಕಂಬಗಳಿಗೆ ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆದು, ಕೈಮುಗಿದು ತಲೆ ಎತ್ತಿದರೆ ಮೂಡಣ ದಿಕ್ಕು ಕಪ್ಪಗೆ! ಮದರಾಸಿನ ಕಡೆ ಸೈಕ್ಲೋನು. ನಮ್ಮ ಸೀಮೆಗೆ ಸಮುದ್ರ ಇಲ್ಲದಿದ್ದರೇನಂತೆ, ಸಮುದ್ರಕ್ಕೆ ಶೀತವಾದರೆ ಸೀನುವುದು ನಾವೇ ತಾನೆ? ನಾಲ್ಕು ದಿನ ಜಿಟಿಜಿಟಿ ಹಿಡಿಯಿತು. ಇಡ್ಲಿ ಮಾತ್ರ ಚೆನ್ನಾಗಿತ್ತು.

ನಾಲ್ಕು ದಿನ ಕಳೆದು ಮಳೆ ಬಿಟ್ಟ ಮೇಲೆ ಮೇಕೆಗಳು ಬಂದು ಬದನೆ ಸಾಲು ಪೂರ್ತಿ ಮುಗಿಸಿದವು. ಮಾವನವರು ಆಗಲೂ ನೋಟ್‌ಬುಕ್ಕು ತೆರೆದು, ಮುಂದಿನ ಒಳ್ಳೆಯ ಕಾಲ ಯಾವುದು ಎಂದು ಬೆರಳು ಮಡಿಸುತ್ತಿದ್ದರು. ಅತ್ತೆ ಕೋಲು ಹಿಡಿದು ಮೇಕೆಗಳನ್ನು ಅಟ್ಟಿ, ಏದುಸಿರು ಬಿಡುತ್ತ ಬಂದು ಅವರ ಮುಂದೆ ನಿಂತರು.

"ಬೇಲಿ ಆಕೋಕೆ ಒಳ್ಳೆ ಕಾಲ ಯಾವ್ದು ಅಂತ ನಾನ್ ಏಳ್ಲಾ?"

"ಏಳು."

"ಮೇಕೆ ಬರಾಕ್ ಮುಂಚೆ!"

ಅಷ್ಟು ಹೇಳಿ ಒಳಗೆ ಹೋಗಿ ತಮ್ಮ ಹಳೆಯ ಸೀರೆಗಳನ್ನು ತಂದರು. ಕಡ್ಡಿ ನೆಟ್ಟು, ಸೊಪ್ಪಿನ ಮಡಿಯ ಸುತ್ತ ಕಟ್ಟಿದರು. ಅರ್ಧ ಗಂಟೆಯ ಕೆಲಸ. ಆ ಸೀರೆಯ ಬೇಲಿ ಎರಡು ವರ್ಷ ನಿಂತಿತು. ಮಾವನವರು ಅದನ್ನು ಕಂಡಾಗಲೆಲ್ಲ ತಲೆ ಆಡಿಸಿ, "ಶಾಸ್ತ್ರವಾಗಿಲ್ಲ" ಅನ್ನುತ್ತಿದ್ದರು.

ಇಷ್ಟಾದರೂ ಊರಿನಲ್ಲಿ ಮಾವನವರ ಕೀರ್ತಿ ಹಬ್ಬಿತು ಎಂದರೆ ನಂಬುತ್ತೀರಾ? ಮನೆ ಕಟ್ಟಿಸಿದವರು, ಸೈಟು ಕೊಂಡವರು, ತೋಟದವರು, ಎಲ್ಲರೂ ಬಂದು ಕೇಳತೊಡಗಿದರು: "ನಮ್ದು ಕೆಮ್ಮಣ್ಣು, ಯಾವಾಗ ಬೇಲಿ ಆಕ್ಲಿ?" ಮಾವನವರು ಹೋಗಿ ಮಣ್ಣು ಹಿಸುಕಿ ದಿನ ಹೇಳುವರು. ಅವರು ಅದೇ ದಿನ ಹಾಕಿಸುವರು. ಒಂದು ಕಂಬವಾದರೂ ವಾಲಬೇಕಲ್ಲ? ಇಲ್ಲ! ನಮ್ಮ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರ ಬೇಲಿಗಳೂ ಸೈನಿಕರ ಹಾಗೆ ನೆಟ್ಟಗೆ ನಿಂತವು. ನಡುವೆ ಬೇಲಿ ಇಲ್ಲದ ಮನೆ ಒಂದೇ, ಬೇಲಿಯ ಪಂಡಿತರದ್ದು. ಆಮೇಲೆ ಮೇಕೆಗಳಿಗೂ ಯಾವ ಗೊಂದಲ ಉಳಿಯಲಿಲ್ಲ. ಬೀದಿಯಲ್ಲಿ ಹೋಗಲು ಬೇರೆ ಎಲ್ಲಿ ಜಾಗವಿತ್ತು, ಎಲ್ಲ ನೆಟ್ಟಗೆ ನಮ್ಮಲ್ಲಿಗೇ ಬಂದವು.

ಮದುವೆ ಮನೆಗಳಲ್ಲಿ ಅವರನ್ನು ಎಳೆದುಕೊಂಡು ಬರುವುದು ನನ್ನ ಕೆಲಸ. ಬೇತಮಂಗಲದ ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಮಾವನವರೇ ಇಲ್ಲ. ಹುಡುಕಿದರೆ ಛತ್ರದ ಹಿಂದೆ ಹುಡುಗಿಯ ಚಿಕ್ಕಪ್ಪನ ಜೊತೆ ಕುಕ್ಕರಗಾಲಲ್ಲಿ ಕೂತು ಮಣ್ಣು ಮೂಸುತ್ತಿದ್ದಾರೆ. "ಮಾವ, ಅಕ್ಷತೆ ಹಾಕ್ಬೇಕು ಬನ್ನಿ" ಅಂದೆ. ಮಣ್ಣಿನ ಕೈಯಲ್ಲೇ ಬಂದು ಹಾಕಿದರು. ಆ ಗಂಡು ಹೆಣ್ಣು ಚೆನ್ನಾಗಿದ್ದಾರೆ. ಅವರ ಬೇಲಿಯೂ ಚೆನ್ನಾಗಿದೆ.

ಹೀಗೆ ವರ್ಷಗಳು ಹೋದವು. ನಾನು ದಣಿದೆ. ಮೊದಮೊದಲು ಕೋಪ ಬರುತ್ತಿತ್ತು, ಆಮೇಲೆ ನಗು ಬರುತ್ತಿತ್ತು, ಕಡೆಕಡೆಗೆ ಎರಡೂ ಬರುವುದು ನಿಂತು ಬರೀ ಆಕಳಿಕೆ ಬರುತ್ತಿತ್ತು. ಭಾನುವಾರ ಫೋನು ಬಡಿದುಕೊಂಡರೆ ಅವರು ಮಾತಾಡುವ ಮುಂಚೆಯೇ "ಬರ್ತೀನಿ ಮಾವ" ಅಂದು ಹಳೆಯ ಪ್ಯಾಂಟು ಹುಡುಕುತ್ತಿದ್ದೆ.

ಆ ನಡುವೆ ನಮ್ಮತ್ತೆಯ ಕಣ್ಣು ಮಂಜಾಗುತ್ತ ಬಂತು. ಸಕ್ಕರೆ ಕಾಯಿಲೆ ಬಹಳ ವರ್ಷದ್ದು. ಕೋಲಾರದ ಡಾಕ್ಟರು ನೋಡಿ, ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಅಂದರು. ಹೆಚ್ಚೇನೂ ಉಳಿಯಲಿಲ್ಲ. ಬೆಳಕು ಇದೆಯೋ ಇಲ್ಲವೋ ಎನ್ನುವುದು ತಿಳಿಯುತ್ತಿತ್ತು, ಅಷ್ಟೇ. ಆದರೆ ಅತ್ತೆ ಅದನ್ನು ಯಾರಿಗೂ ಲೆಕ್ಕಕ್ಕೆ ತೆಗೆದುಕೊಳ್ಳಲು ಬಿಡಲಿಲ್ಲ. ಒಲೆಯ ಮುಂದೆ ಕೈಯೇ ಕಣ್ಣು. ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋಗಿ ಗಿಡಗಳನ್ನು ಮುಟ್ಟಿ ಮುಟ್ಟಿ, ಬಲಿತ ಬದನೆ ಯಾವುದು, ಎಳೆಯದು ಯಾವುದು ಹೇಳುತ್ತಿದ್ದರು. "ನಾನ್ ಉಟ್ಟಿದ್ ಮನೆಗಿಂತ ಈ ಇತ್ಲು ಚೆನ್ನಾಗ್ ಗೊತ್ತು ನಂಗೆ, ಸುಮ್ಕಿರು" ಎಂದು ಮಗಳ ಬಾಯಿ ಮುಚ್ಚಿಸುತ್ತಿದ್ದರು.

ಹೋದ ವರ್ಷ, ಗಣೇಶನ ಹಬ್ಬವಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಅವರು ಸೊಪ್ಪು ಕೀಳಲು ಹೋದವರು ಎಲ್ಲೋ ಒಂದು ಹೆಜ್ಜೆ ಲೆಕ್ಕ ತಪ್ಪಿದರು. ನಮ್ಮ ಜಾಗ ಮುಗಿಯುವ ಕಡೆ ಆಳವಾದ ಚರಂಡಿ ಇದೆ. ಅದರೊಳಗೆ ಬಿದ್ದರು. ಮಾವನವರು ಆಗ ಬೀದಿಯ ತುದಿಯ ಟೀ ಅಂಗಡಿಯಲ್ಲಿದ್ದರು. ಹೊಸದಾಗಿ ಮನೆ ಕಟ್ಟಿಸಿದವನೊಬ್ಬನಿಗೆ, ಸ್ವಾತಿ ಮಳೆ ಕಳೆದ ಮೇಲೆ ಬೇಲಿ ಹಾಕಿಸು ಎಂದು ವಿವರಿಸುತ್ತಿದ್ದರು. ಅವರು ಬರುವವರೆಗೂ ಅತ್ತೆ ಚರಂಡಿಯಲ್ಲೇ ಕೂತಿದ್ದರು. ಕೂಗಲಿಲ್ಲವಂತೆ.

ಬಲಗೈ ಮಣಿಕಟ್ಟು ಮುರಿದಿತ್ತು. ಕಟ್ಟು ಹಾಕಿಸಿದೆವು. ಕೈಗೇನೋ ಕಟ್ಟು ಹಾಕಬಹುದು. ಅತ್ತೆ ಹಿತ್ತಿಲಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟರು. ಹೊಸಿಲು ದಾಟಲಿಲ್ಲ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂರುವರು. ಯಾರನ್ನೂ ಬೈಯಲಿಲ್ಲ. ಆ ಮನೆಯಲ್ಲಿ ಅತ್ತೆ ಯಾರನ್ನೂ ಬೈಯದೆ ಒಂದು ದಿನ ಕಳೆಯಿತು ಎಂದರೆ ಅದು ಎಂಥ ದಿನ ಎನ್ನುವುದು ನಮಗೆ ಮಾತ್ರ ಗೊತ್ತು. ಮೇಕೆಗಳು ಬಂದು ಸೊಪ್ಪಿನ ಮಡಿಯನ್ನು ನೆಲಸಮ ಮಾಡಿದವು. ಆರೈಕೆಗೆಂದು ಅಲ್ಲೇ ಉಳಿದಿದ್ದ ನಮ್ಮ ಮನೆಯವಳು ಹೋಗಿ "ಅಮ್ಮಾ, ಮೇಕೆ ಬಂದೈತೆ" ಅಂದರೆ, "ತಿನ್ಲಿ ಬಿಡು" ಅಂದರಂತೆ.

ಅದಾಗಿ ಮೂರನೆಯ ವಾರ, ಬುಧವಾರವೋ ಗುರುವಾರವೋ, ಭಾನುವಾರವಂತೂ ಅಲ್ಲ, ಫೋನು ಬಂತು.

"ಅಳಿಯಂದ್ರೇ, ಬೇಲಿ ಆಕ್ತಾ ಇವ್ನಿ. ಬನ್ನಿ."

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಹಸ್ತದ ಮಳೆ ಬಕೆಟ್ಟಿನಲ್ಲಿ ಸುರಿದ ಹಾಗೆ ಸುರಿಯುತ್ತಿತ್ತು. ಕ್ಯಾಲೆಂಡರು ನೋಡಿದೆ. ಪಿತೃಪಕ್ಷ.

"ಇವತ್ತಾ ಮಾವ? ಈ ಮಳೇಲಾ?"

"ಇವತ್ತೇ."

ಬಸ್ಸಿನಲ್ಲಿ ಕೂತಾಗ, ಪಾಪ, ಇವರಿಗೂ ತಲೆ ಕೆಟ್ಟಿತು ಅಂದುಕೊಂಡೆ. ಹೋಗಿ ನೋಡಿದರೆ ಹಿತ್ತಿಲೆಲ್ಲ ಕೆಸರು. ಮಾವನವರು ತಲೆಗೊಂದು ಗೋಣಿಚೀಲ ಮಡಿಸಿ ಹೊದ್ದುಕೊಂಡು ಗುಂಡಿ ತೋಡುತ್ತಿದ್ದಾರೆ. ಮೇಸ್ತ್ರಿ ಗುಂಡಿಯಿಂದ ಚೊಂಬಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದಾನೆ. ಆಗಲೇ ಒಂಬತ್ತು ಕಂಬ ನಿಂತಿವೆ. ಕಾಂಕ್ರೀಟು ಈ ಮಳೆಗೆ ಕೂರುವುದಿಲ್ಲವೆಂದು ಗುಂಡಿಗೆ ದಪ್ಪ ಜಲ್ಲಿ ತುಂಬಿ ಗುದ್ದಿ ಗುದ್ದಿ ಬಿಗಿ ಮಾಡಿದ್ದಾರೆ. ಅದೆಲ್ಲ ಸರಿ. ಆದರೆ ಕಂಬಗಳು ಇರುವ ಜಾಗ! ಜಾಗದ ಅಂಚಿನಲ್ಲಿ ಒಂದೂ ಇಲ್ಲ. ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲಿನಿಂದ ಶುರುವಾಗಿ ಹಿತ್ತಿಲಿನ ನಡುಮಧ್ಯಕ್ಕೆ ಹೊರಟಿವೆ.

"ಮಾವ, ಬೇಲಿ ಅಂದ್ರೆ ಸುತ್ತ ಅಲ್ವಾ?"

"ಆ ಪೈಪ್ ಇಡ್ಕಳಿ," ಅಂದರು.

ಮುಳ್ಳುತಂತಿಯ ಸುರುಳಿಗಳು ಕಾಣಲಿಲ್ಲ. ಯಾರಿಗೋ ಕೊಟ್ಟುಬಿಟ್ಟಿದ್ದರು. ಅದರ ಬದಲು ಬತ್ತಿಹೋದ ಯಾವುದೋ ಬೋರ್‌ವೆಲ್ಲಿನಿಂದ ಕಿತ್ತ ಕಬ್ಬಿಣದ ಪೈಪುಗಳ ರಾಶಿ ಬಿದ್ದಿತ್ತು. ಒಂದೊಂದು ಕಂಬಕ್ಕೂ ಪೈಪನ್ನು ಅಡ್ಡಲಾಗಿ ಇಟ್ಟು ಕಟ್ಟಬೇಕು. ಎತ್ತರಕ್ಕೆ ಒಂದು ಗುರುತು ಮಾಡಿಕೊಂಡಿದ್ದರು. ಹಿಂದಿನ ದಿನ ಅತ್ತೆಯನ್ನು ಬಾಗಿಲ ಹತ್ತಿರ ನಿಲ್ಲಿಸಿ, ಯಾಕೆಂದು ಹೇಳದೆ, ಅವರ ಮೊಣಕೈ ಎಲ್ಲಿಗೆ ಬರುತ್ತದೆ ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದಿದ್ದರಂತೆ. ನಾನು ಒಂದು ಕಡೆ ತಂತಿಯ ಗಂಟನ್ನು ಒಳಮುಖವಾಗಿ ಹಾಕಿದೆ. ಮಾವನವರು ಬಂದು ಬಿಚ್ಚಿದರು.

"ಗಂಟು ಆಚೆ ಕಡೆ ಬರ್ಲಿ ಅಳಿಯಂದ್ರೆ. ಅವ್ಳ ಕೈಗೆ ಚುಚ್ಚುತ್ತೆ."

ಆಗ ನನಗೆ ಅರ್ಥವಾಯಿತು. ಮಾವನವರು ನನ್ನ ಮುಖ ನೋಡಲಿಲ್ಲ. ಇನ್ನೊಂದು ಗಂಟು ಬಿಗಿಯುತ್ತ, ಪೈಪಿಗೆ ಹೇಳುವ ಹಾಗೆ ಹೇಳಿದರು:

"ಕೆಳಗಡೆ ಒಂದೊಂದ್ಸಲ ಲೈಟು ಓಗ್ಬುಡೋದು. ಬರೀ ಕತ್ಲೆ ಅಲ್ಲ ಅದು, ಕಣ್ಣೇ ಇಲ್ದಂಗೆ. ಗೋಡೆ ಉದ್ದಕ್ಕೂ ಗಾಳಿ ಪೈಪು ಓಗಿರೋದು. ಅದ್ನ ಎಡಗೈಲಿ ಇಡ್ಕಂಡು ನಡ್ಕಂಡ್ ಬರ್ತಿದ್ವಿ. ಕೈ ಬಿಡ್ಬಾರ್ದು ಅಷ್ಟೇ. ಪೈಪ್ ಇರೋಗಂಟ ಮನೆಗ್ ಬತ್ತೀವಿ ಅಂತ ಧೈರ್ಯ."

"ಆಮಾ," ಅಂದ ಮೇಸ್ತ್ರಿ, ಗುಂಡಿಯ ಮೇಲೆ ಬಗ್ಗಿಕೊಂಡೇ. "ಎಷ್ಟೋ ಸಲ."

ಸಂಜೆಯೊಳಗೆ ಮುಗಿಯಿತು. ಮೆಟ್ಟಿಲಿನಿಂದ ನಲ್ಲಿಗೆ, ನಲ್ಲಿಯಿಂದ ಕರಿಬೇವಿನ ಗಿಡಕ್ಕೆ, ಅಲ್ಲಿಂದ ಸೊಪ್ಪಿನ ಮಡಿಗಳ ಪಕ್ಕದಲ್ಲಿ ಹಾದು, ಚರಂಡಿಯಿಂದ ಬಹುದೂರ ಸುತ್ತಿ ಮತ್ತೆ ಮೆಟ್ಟಿಲಿಗೆ. ಪೈಪುಗಳು ಕೂಡುವ ಕಡೆ ಅರದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದರು. ನಲ್ಲಿಯ ಹತ್ತಿರ ಪೈಪಿಗೆ ಹುರಿಹಗ್ಗದ ಒಂದು ಗಂಟು ಸುತ್ತಿದರು. ಕರಿಬೇವಿನ ಹತ್ತಿರ ಎರಡು. ಮಡಿಗಳ ಹತ್ತಿರ ಮೂರು.

ಒಳಗೆ ಹೋಗಿ, "ಲೇ ಇವ್ಳೇ, ಒಸಿ ಬಾ" ಅಂದರು.

"ನಾನ್ ಬರಲ್ಲ."

"ಬಾ ಅಂತೀನಿ. ಅಳಿಯಂದ್ರು ಮಳೇಲಿ ನಿಂತವ್ರೆ."

ಅಳಿಯನ ಹೆಸರು ಹೇಳಿದ್ದಕ್ಕೆ ಬಂದರೋ ಏನೋ. ಹೊಸಿಲಿನ ಮೇಲೆ ನಿಂತರು. ಮಾವನವರು ಅವರ ಎಡಗೈ ತೆಗೆದು ಪೈಪಿನ ಮೇಲೆ ಇಟ್ಟು, ತಮ್ಮ ಕೈ ತೆಗೆದುಬಿಟ್ಟರು. ಮಳೆ ಸಣ್ಣಗೆ ಹನಿಯುತ್ತಿತ್ತು. ಅತ್ತೆ ಒಂದು ಹೆಜ್ಜೆ ಇಟ್ಟರು. ಇನ್ನೊಂದು. ಒಂದು ಗಂಟು ಸಿಕ್ಕಿತು, ನಿಂತರು, ಕಟ್ಟು ಹಾಕಿದ ಕೈಚಾಚಿ ಬೆರಳ ತುದಿಯಲ್ಲಿ ನಲ್ಲಿ ಮುಟ್ಟಿದರು. ಮುಂದೆ ಹೋದರು. ಎರಡು ಗಂಟು. ಎಡಗೈಯೆತ್ತಿ ಕರಿಬೇವಿನ ಎಸಳು ಕಿತ್ತು ಮೂಸಿದರು. ಅಲ್ಲಿಂದ ಸ್ವಲ್ಪ ಮುಂದೆ ಹೋದವರು ಗಕ್ಕನೆ ನಿಂತರು.

"ಇದೇನಿದು," ಅಂದರು ಅತ್ತೆ, ಪೈಪಿನ ಮೇಲೆ ಕೈ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ. "ಇಲ್ಲಿ ತಗ್ಗೈತೆ. ಕಂಬ ಓರೆ ನಿಲ್ಸಿದೀರಾ? ಇಷ್ಟ್ ವರ್ಸ ಊರೋರ್ಗೆಲ್ಲಾ ಏಳ್ದೋರು, ನಮ್ದು ಒಂದು ನೆ‌ಟ್ಟಗ್ ನಿಲ್ಸಾಕಾಗ್ಲಿಲ್ವಾ?"

ಮೂರು ವಾರದ ಮೇಲೆ ಕೇಳಿದ ಬೈಗುಳ! ನಮ್ಮ ಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿಹೋದಳು. ಮೇಸ್ತ್ರಿ, "ಅಕ್ಕಾ, ಅದು ನಾನು ನೆಟ್ಟಿದ್ದು" ಅಂತ ಸುಳ್ಳು ಹೇಳಿದ.

ಅಂದು ನಾನು ಅಲ್ಲೇ ಉಳಿದೆ. ಬಿದ್ದುಕೊಂಡವನಿಗೆ ಕಾಲು ಕೈ ಯಾವುದು ಎಲ್ಲಿದೆ ಎನ್ನುವುದೂ ತಿಳಿಯಲಿಲ್ಲ. ಬೆಳಿಗ್ಗೆ ಎಚ್ಚರವಾದಾಗ ಮನೆಯವರೆಲ್ಲ ಇನ್ನೂ ಮಲಗಿದ್ದರು. ಹಿಂಬಾಗಿಲು ತೆರೆದಿತ್ತು. ಮಳೆ ನಿಂತು ಬೆಳಕಾಗುತ್ತಿತ್ತು. ಬಾಗಿಲಿಗೆ ಬಂದು ನೋಡಿದೆ.

ಮಾವನವರು ಬರಿಗಾಲಲ್ಲಿ ಪೈಪು ಹಿಡಿದು ನಡೆಯುತ್ತಿದ್ದರು. ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಅತ್ತೆಯಷ್ಟೇ ಚಿಕ್ಕ ಚಿಕ್ಕ ಹೆಜ್ಜೆ. ಹೆಜ್ಜೆಗೊಮ್ಮೆ ಪಾದ ಊರಿ, ಕಲ್ಲೋ ಮುಳ್ಳೋ ಸಿಕ್ಕರೆ ಬಗ್ಗಿ, ಕಣ್ಣು ತೆರೆಯದೆಯೇ ಹುಡುಕಿ ತೆಗೆದು ದೂರ ಎಸೆಯುವರು. ಮತ್ತೆ ಎಡಗೈ ಪೈಪಿನ ಮೇಲೆ. ಎರಡು ಗಂಟು ದಾಟಿದರು. ಮೂರು ಗಂಟಿನ ಹತ್ತಿರ, ಪೈಪು ಕೂಡುವ ಒಂದು ಕಡೆ, ಅವರ ಬೆರಳು ನಿಂತಿತು. ಅದೇ ಜಾಗವನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಸೊಂಟಕ್ಕೆ ಸಿಕ್ಕಿಸಿದ್ದ ಅರವನ್ನು ತೆಗೆದು, ಒಳಗೆ ಮಲಗಿದ್ದವರಿಗೆ ಕೇಳಿಸದ ಹಾಗೆ ಮೆಲ್ಲಗೆ ಉಜ್ಜತೊಡಗಿದರು.